ಅಮ್ಮನ ಹೆಸರಿನ ಸ್ತೋತ್ರ ಕಾಣಿಕೆ

ಗೋಣಿಬೀಡು
16 ನವೆಂಬರ್ 1998

ಪ್ರೀತಿಯ ತಂಗಿ ಸಲೋಮಿಗೆ ಅಕ್ಕನ ವಂದನೆಗಳು.

ಕಳಸದಲ್ಲಿ ನೀವೆಲ್ಲ ಕ್ಷೇಮವೇ ಎಂದು ನಾನು ಕೇಳಬೇಕಾಗಿಲ್ಲ. ನಿಮ್ಮ ಕ್ಷೇಮವನ್ನು ಅಮ್ಮ ದಿನಾ ಸಂಜೆಯ ಪ್ರಾರ್ಥನೆಯಲ್ಲಿ ದೇವರಿಗೂ ನನಗೂ ತಿಳಿಸುತ್ತಲೇ ಇರುತ್ತಾಳೆ. ಬರುವ ಭಾನುವಾರ ಅವಳು ನಿನಗೆ ಫೋನ್ ಮಾಡುತ್ತಾಳೆ. ಕವರಿನ ಮಾತು ತೆಗೆದರೆ ಹೌದಮ್ಮ, ನಾನೇ ಹಾಕಿದ್ದು ಅನ್ನು. ಯಾಕೆಂದು ಹೇಳುತ್ತೇನೆ.

ನಮ್ಮ ಚರ್ಚಿನ ರೂಢಿ ನಿನಗೆ ಗೊತ್ತಲ್ಲ. ದೇವರ ಉಪಕಾರ ನೆನೆದು ಕವರಿನಲ್ಲಿ ಕಾಣಿಕೆ ಇಟ್ಟು, ಮೇಲೆ ಹೆಸರು, ಕಾರಣ ಬರೆದು ಕೊಟ್ಟರೆ ಅಯ್ಯನವರು ಆರಾಧನೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ನಿನ್ನ ಗಂಡನಿಗೆ ಎಸ್ಟೇಟಿನಲ್ಲಿ ರೈಟರ್ ಕೆಲಸ ಆದಾಗ ಅಮ್ಮ ಒಂದು ಕವರು ಹಾಕಿದಳು. ನಿನ್ನ ಮಗ ಪಾಸಾದಾಗ ಇನ್ನೊಂದು. ನಿಮ್ಮ ಜೀಪು ಚರಂಡಿಗಿಳಿದು ಯಾರಿಗೂ ಏನೂ ಆಗದಿದ್ದಾಗ ಮತ್ತೊಂದು. ಅವಳ ಕಣ್ಣಿಗೆ ಪೊರೆ ಬಂದಿದೆ, ಹೇಳುವವಳು ಅವಳು, ಬರೆಯುವವಳು ನಾನು. ಸಲೋಮಿ, ಸಲೋಮಿ ಎಂದು ಬರೆದೂ ಬರೆದೂ ನನ್ನ ಪೆನ್ನಿಗೇ ನಿನ್ನ ಹೆಸರು ಬಾಯಿಪಾಠ.

ನನ್ನ ಹೆಸರಿಗೆ ಒಂದೂ ಇಲ್ಲ. ಗಂಜಿ ಕಾಯಿಸುತ್ತೇನೆ, ಕಣ್ಣಿಗೆ ಔಷಧ ಬಿಡುತ್ತೇನೆ, ಕೈ ಹಿಡಿದು ಚರ್ಚಿಗೆ ಕರೆದೊಯ್ಯುತ್ತೇನೆ. ನನ್ನ ಜೀಪು ಎಲ್ಲೂ ಚರಂಡಿಗಿಳಿಯಲಿಲ್ಲ. ನಾನು ಜೀಪು ಹತ್ತಿದರಲ್ಲವೇ! ಹೊಟ್ಟೆಕಿಚ್ಚು ಅಂತೀಯಾ? ಹೌದು ಮಾರಾಯ್ತಿ, ಹೊಟ್ಟೆಕಿಚ್ಚೇ.

ನಿನ್ನೆ ಬೆಳೆ ಹಬ್ಬ. ಜನ ಬಾಳೆಗೊನೆ, ಕುಂಬಳಕಾಯಿ, ಕಾಫಿಯ ಮೊದಲ ಹಣ್ಣು, ಕಾಲು ಕಟ್ಟಿದ ಕೋಳಿ ಎಲ್ಲ ತಂದು ಪೀಠದ ಮುಂದೆ ಇಟ್ಟಿದ್ದರು. ನಾನು ಅಮ್ಮನಿಗೆ ತಿಳಿಯದಂತೆ ಅವಳ ಹೆಸರಿನಲ್ಲೇ ಒಂದು ಕವರು ಹಾಕಿಬಿಟ್ಟೆ. ರೂತಮ್ಮನವರು, ಹಿರಿಯ ಮಗಳು ಫ್ಲೋರಾ ಜೊತೆಯಲ್ಲಿರುವುದಕ್ಕಾಗಿ ಸ್ತೋತ್ರ ಕಾಣಿಕೆ ಎಂದು ಅಯ್ಯನವರು ಓದಿದರು. ನಾನು ಕೊಟ್ಟಿದ್ದಲ್ಲ ಎಂದು ಅಮ್ಮ ಎದ್ದು ನಿಂತರೆ ಸಭೆಯ ಮುಂದೆ ನನ್ನ ಮಾನ ಹೋಗುತ್ತಿತ್ತು.

ಅವಳು ಏಳಲಿಲ್ಲ. ತಡಕಾಡಿ ನನ್ನ ಮೊಣಕೈ ಹಿಡಿದವಳು ಮನೆ ಮುಟ್ಟುವವರೆಗೆ ಬಿಡಲಿಲ್ಲ. ಬಾಗಿಲ ಹತ್ತಿರ ಕೂತು ಅತ್ತಳು. "ನಾನೆಂತ ತಾಯಿ ಮಾರಾಯ್ತಿ! ದೂರ ಇದ್ದೋಳ್ದೆಲ್ಲ ನೆನ್ಸ್ಕಂಡೆ, ಕೈ ಹಿಡ್ದೋಳ್ನೇ ಮರ್ತೆ" ಅಂದಳು. ನನಗೂ ಅಳು ಬಂತು. ಅಷ್ಟರಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ ಸಲೋಮಿ ನೋಡು, ಹೋದ್ವಾರ ಬಂದಾಗ ನನ್ ಹೆಸ್ರಲ್ಲಿ ಅಯ್ಯನವ್ರ ಕೈಗೆ ಕೊಟ್ಟು ಹೋಗಿದಾಳೆ. ಅವ್ಳಿಗೆ ಎಲ್ಲಾ ನೆನಪಿರ್ತದೆ" ಅಂದಳು.

ಅಯ್ಯೋ ದೇವರೇ! ನಿಜ ಹೇಳಿದರೆ ತನ್ನ ಗುಣಗಾನವನ್ನು ತಾನೇ ಓದಿಸಿಕೊಂಡ ಮಗಳಾಗುತ್ತೇನೆ. ಸಂಜೆಯ ಪ್ರಾರ್ಥನೆಯಲ್ಲಿ ಮೊದಲ ಸಲ ನನ್ನ ಹೆಸರು ನಿನ್ನ ಹೆಸರಿಗಿಂತ ಮುಂಚೆ ಬಂತು, ಸಲೋಮಿ. ಅದನ್ನು ಕಳೆದುಕೊಳ್ಳಲಾರೆ. ಹೌದು ಅಂದುಬಿಡು.

ನಿನ್ನನ್ನು ಬೈಯುತ್ತಲೇ ನೆನೆಯುವ ಅಕ್ಕ,
ಫ್ಲೋರಾ

ತಾ.ಕ.: ನಿನಗೆ ಇಂಥ ಒಳ್ಳೆಯ ಬುದ್ಧಿ ಕೊಟ್ಟದ್ದಕ್ಕಾಗಿ ಅಮ್ಮ ಬರುವ ಭಾನುವಾರ ಇನ್ನೊಂದು ಕವರು ಹಾಕುತ್ತಾಳಂತೆ. ಬರೆಯಲು ನನಗೇ ಹೇಳಿದಳು. ಬರೆದೆ. ಜೊತೆಗೆ ನನ್ನ ಹೆಸರಿನಲ್ಲೂ ಒಂದು ಬರೆದಿಟ್ಟಿದ್ದೇನೆ, ಇಷ್ಟು ವರ್ಷಕ್ಕೆ ಮೊದಲನೆಯದು: ಅಮ್ಮ ಇನ್ನೂ ನನ್ನ ಕೈ ಹಿಡಿದು ನಡೆಯುತ್ತಿದ್ದಾಳಲ್ಲ, ಅದಕ್ಕೆ. ಇದನ್ನೂ ನೀನೇ ಹಾಕಿಸಿದ್ದು ಅಂತ ಮಾತ್ರ ಒಪ್ಪಿಕೊಳ್ಳಬೇಡ.