ನೂರ ನಲವತ್ತೆರಡು ಎಂಎಲ್ ನೀರು

ಜುಲೈ 29, 2024. ಸೋಮವಾರ. ಬೆಳಿಗ್ಗೆ 7.10

ಓವನ್ ಬಿಸಿಗೆ ಇಟ್ಟಿದ್ದು 6.05ಕ್ಕೆ. ಸೀತಾ ಹಿಟ್ಟಿಗೆ ಕೈ ಹಾಕಿದ್ದು 6.14ಕ್ಕೆ. ನಡುವಿನ ಒಂಬತ್ತು ನಿಮಿಷ ಹಿತ್ತಲ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಏನು ಮಾಡ್ತಿದ್ದೀಯೇ ಅಂದೆ. "ಏನಿಲ್ಲ ರೀ, ಗಾಳಿ ಹೆಂಗಿದೆ ನೋಡ್ತಿದ್ದೆ." ಗಾಳಿ ನೋಡುವುದಂತೆ! ನಕ್ಕೆ. ಅವಳು ನಗಲಿಲ್ಲ.

ಇವತ್ತು ಎರಡು ಕೆಜಿ ಖಾರಾ ಬಿಸ್ಕೆಟ್. ಎಲ್ಲ ಕಾರ್ಡ್ ಪ್ರಕಾರ. ಇಪ್ಪತ್ತಾರು ವರ್ಷದಿಂದ ಮನೆಯಲ್ಲೇ ಬಿಸ್ಕೆಟ್ ಮಾಡಿ ಮಾರುತ್ತಾಳೆ, ಪುಟ್ಟೇನಹಳ್ಳಿ ಕೆರೆಯ ಈಚೆ ದಡದಲ್ಲಿ ಅದನ್ನು ತಿನ್ನದ ಮನೆಯಿಲ್ಲ. ಆದರೆ ಒಂದು ದಿನವೂ ನೀರು ಅಳೆದವಳಲ್ಲ. ಎಷ್ಟು ಹಾಕ್ತೀಯ ಅಂದರೆ "ಹಿಟ್ಟು ಕೇಳಿದಷ್ಟು" ಅನ್ನುತ್ತಿದ್ದಳು. ಔಷಧಿ ಫ್ಯಾಕ್ಟರಿಯ ಕ್ವಾಲಿಟಿ ಕಂಟ್ರೋಲ್‌ನಲ್ಲಿ ಮೂವತ್ತೆರಡು ವರ್ಷ ಸವೆಸಿದವನಿಗೆ ಇದನ್ನು ಸಹಿಸುವುದಾದರೂ ಹೇಗೆ? ರಿಟೈರ್ ಆದ ತಕ್ಷಣ ಮೊದಲು ಕೈಗೆತ್ತಿಕೊಂಡ ಕೆಲಸ ಇದೇ. ಫೆಬ್ರವರಿ-ಮಾರ್ಚ್‌ನಲ್ಲಿ ಹನ್ನೊಂದು ದಿನ ಪಕ್ಕದಲ್ಲೇ ನಿಂತೆ. ಅಳೆದ ನೀರು ಕೊಟ್ಟೆ, ಮಿಕ್ಕಿದ್ದನ್ನು ಅಳೆದೆ, ಸರಾಸರಿ ತೆಗೆದೆ. ಕೆಜಿ ಮೈದಾಕ್ಕೆ 142 ಎಂಎಲ್. ಓಮ 4 ಗ್ರಾಂ. ಲ್ಯಾಮಿನೇಟ್ ಮಾಡಿಸಿ ಫ್ರಿಜ್‌ಗೆ ಅಂಟಿಸಿದೆ. ದಿನಾ ತುಂಬಲು ಒಂದು ಚೆಕ್‌ಶೀಟ್ ಬೇರೆ. ಅವಳು ತುಂಬುತ್ತಾಳೆ, ಸಂಜೆ ನಾನು ಸೈನ್ ಹಾಕುತ್ತೇನೆ. ಮನೆಗೊಂದು ಶಿಸ್ತು ಬಂದಿದೆ.

ಆಗಸ್ಟ್ 7

ಇಬ್ಬರು ಫೋನ್ ಮಾಡಿದ್ದರು. ಓಮದ ವಾಸನೆ ಜಾಸ್ತಿಯಂತೆ. ತೂಕ ಮತ್ತೆ ನೋಡಿದೆ, ನಾಲ್ಕೇ ಗ್ರಾಂ. ಸೀತಾ ಹೇಳಿದಳು, "ಮಳೆಗಾಲ್ದಲ್ಲಿ ಓಮ ಏಳತ್ತೆ ರೀ. ಗಾಳೀಲಿ ತೇವ ಇದ್ರೆ ಮೂಗಿಗೆ ಜಾಸ್ತಿ ಬಡಿಯತ್ತೆ. ನಾನು ಸ್ವಲ್ಪ ಕಮ್ಮಿ ಮಾಡ್ತಿದ್ದೆ."

ಜನರ ಮೂಗಿಗೆಲ್ಲ ಕಾರ್ಡ್ ಬದಲಾಯಿಸುತ್ತಾ ಕೂತರೆ ಆಯಿತು.

ಇನ್ನೊಂದು ವಿಷಯ. ಬೆಂದ ಬಿಸ್ಕೆಟ್ಟನ್ನು ಅವಳು ಆರಿಸಿ, ಮತ್ತೆ ಆರುತ್ತಿರುವ ಓವನ್ನಿನೊಳಗೆ ಇಡುತ್ತಿದ್ದಳು. ಎಲ್ಲ ದಿನವೂ ಅಲ್ಲ, ಕೆಲವು ದಿನ. ಯಾವ ದಿನ, ಯಾಕೆ ಅಂದರೆ ಉತ್ತರವಿಲ್ಲ. ಕಾರ್ಡ್ ಬರೆದಾಗಲೇ ಆ ಹಂತ ತೆಗೆದುಹಾಕಿದ್ದೆ. ಬೇಯಿಸು, ಆರಿಸು, ಡಬ್ಬಕ್ಕೆ ಹಾಕು. ಅಷ್ಟೇ.

ಆಗಸ್ಟ್ 17, ಶನಿವಾರ. ಮಧ್ಯಾಹ್ನ

ನಾಳೆ ಎದುರುಮನೆ ರಾಜಶ್ರೀ ಮಗಳ ಸೀಮಂತ. ಮುನ್ನೂರು ಬಿಸ್ಕೆಟ್. ಮೂರು ದಿನದಿಂದ ಜಿಟಿಜಿಟಿ. ಒಗೆದ ಬನಿಯನ್ನು ಒಣಗಿಲ್ಲ, ಉಪ್ಪಿನ ಡಬ್ಬ ಹಿಡಿದು ಕುಟ್ಟಬೇಕು.

ಬೆಳಿಗ್ಗೆ ಸೀತಾ ಕೇಳಿದಳು, "ರೀ, ಇವತ್ತು ನೀರು ಒಂದ್ ಹತ್ತು ಇಪ್ಪತ್ತು ಕಮ್ಮಿ ಹಾಕ್ಲಾ?"

"ಹತ್ತೋ ಇಪ್ಪತ್ತೋ? ನೋಡು, ನಿಂಗೇ ಗೊತ್ತಿಲ್ಲ!"

"ಕೈ ಹಾಕಿದ್ರೆ ಗೊತ್ತಾಗತ್ತೆ."

"ಕೈ ಹಾಕಿದ ಮೇಲೆ ಗೊತ್ತಾಗೋದಕ್ಕೆ ಕಾರ್ಡ್ ಯಾಕೇ ಬೇಕು?"

ಅಳತೆ ಲೋಟಕ್ಕೆ ಕೈ ಚಾಚಿದಳು. ವಾದದಲ್ಲಿ ಗೆದ್ದೆ. ಕಾಫಿ ಚೆನ್ನಾಗಿತ್ತು.

ಆಗಸ್ಟ್ 18. ಸಂಜೆ 6.30

ರಾಜಶ್ರೀ ಬಂದಿದ್ದಳು. ಡಬ್ಬ ಹಿಡಿದುಕೊಂಡು, ಬಾಗಿಲಲ್ಲೇ ನಿಂತು. ಸೀರೆ ಕೂಡ ಬದಲಾಯಿಸಿರಲಿಲ್ಲ.

"ಸೀತಕ್ಕ, ತಪ್ಪು ತಿಳ್ಕೋಬೇಡಿ. ಇಷ್ಟು ವರ್ಷದಲ್ಲಿ ಹಿಂಗೆ ಆಗಿರ್ಲಿಲ್ಲ. ಮೆತ್ತಗಾಗಿಬಿಟ್ಟಿದೆ. ಬೀಗರು ಒಂದು ಕಚ್ಚಿ ಪಕ್ಕಕ್ಕೆ ಇಟ್ರು. ಮಗಳ ಅತ್ತೆ ಬೇರೆ, ಇದು ಹಳೇದಾ ಅಂತ ಕೇಳಿದ್ರು."

ಒಂದು ತಿಂದು ನೋಡಿದೆ. ನಿಜ. ಚಪಾತಿ ಚೂರು ಅಗಿದ ಹಾಗೆ.

ಆಗ ಹೇಳಿದೆ. "ನನ್ನ ಕಾರ್ಡ್‌ನಲ್ಲಿ ತಪ್ಪಿಲ್ಲಮ್ಮ. ಇವಳೇ ಮತ್ತೆ ಅಂದಾಜಲ್ಲಿ ನೀರು ಸುರಿದಿರ್ತಾಳೆ. ಎಷ್ಟು ಹೇಳಿದ್ರೂ ಕೇಳಲ್ಲ."

ಸೀತಾ ನನ್ನ ಮುಖ ನೋಡಿದಳು. ಡಬ್ಬ ಇಸಿದುಕೊಂಡು ಒಳಗೆ ಹೋದಳು.

ಆಗಸ್ಟ್ 20

ನಿನ್ನೆಯೂ ಬೇಕಿಂಗ್ ಇಲ್ಲ, ಇವತ್ತೂ ಇಲ್ಲ. ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು, "ಇಲ್ಲಮ್ಮ, ಗೌರಿ ಹಬ್ಬಕ್ಕೆ ಬೇರೆ ಕಡೆ ನೋಡ್ಕೊಳ್ಳಿ. ನಾನು ಬಿಟ್ಟೆ."

ಬಿಟ್ಟೆ ಅಂದರೆ? ಎರಡು ದಿನದ ಕೋಪ. ಇಳಿಯುತ್ತದೆ.

ಆಗಸ್ಟ್ 24. ಮಧ್ಯಾಹ್ನ 3.00

ಚೆಕ್‌ಶೀಟ್ ತೆಗೆದು ನೋಡಿದೆ. ಅವಳ ತಪ್ಪನ್ನು ಸಾಕ್ಷಿ ಸಮೇತ ತೋರಿಸೋಣ ಅಂತ. ನಿಜ ಬರೆಯುತ್ತಿದ್ದೇನೆ, ಅದಕ್ಕೇ ತೆಗೆದದ್ದು.

ಹದಿನೇಳನೇ ತಾರೀಕು. ನೀರು: 142. 142. 142. ಮೂರು ಬ್ಯಾಚ್. 141 ಕೂಡ ಅಲ್ಲ. ಪಕ್ಕದಲ್ಲಿ ಅವಳ ದುಂಡು ಅಕ್ಷರ, ಷರಾ ಕಾಲಂನಲ್ಲಿ: "ಹಿಟ್ಟು ಆಗಲೇ ಒದ್ದೆ ಇದೆ. ಕೈಗೆ ಅಂಟುತ್ತಿದೆ. ನೀರು ಜಾಸ್ತಿ ಅನ್ನಿಸುತ್ತೆ. ಕಾರ್ಡ್ ಪ್ರಕಾರ ಹಾಕಿದೆ."

ಹಿಂದಿನ ಹಾಳೆ ತಿರುಗಿಸಿದೆ. ಜುಲೈ 29: "ಗಾಳಿ ತೇವ." ಆಗಸ್ಟ್ 3: "ಎರಡನೇ ಬಿಸಿ ಕೊಟ್ಟರೆ ಒಳ್ಳೇದು. ಇವರನ್ನು ಕೇಳಬೇಕು." ಆಗಸ್ಟ್ 9: "ಓಮ ಕಮ್ಮಿ ಮಾಡಬಹುದಾ?" ಆಗಸ್ಟ್ 12: "ಮೆತ್ತಗೆ ಬರ್ತಿದೆ. ದಯವಿಟ್ಟು ನೋಡಿ."

ಇಪ್ಪತ್ತೆರಡು ದಿನ ಬರೆದಿದ್ದಾಳೆ. ಇಪ್ಪತ್ತೆರಡರ ಕೆಳಗೂ ನನ್ನ ಸೈನ್. ವೆರಿಫೈಡ್. ಆರ್.ಪಿ.

ಒಂದನ್ನೂ ಓದಿರಲಿಲ್ಲ.

ಫ್ಯಾಕ್ಟರಿಯಲ್ಲಿ ಓದದೆ ಸೈನ್ ಹಾಕಿದ ಹುಡುಗನೊಬ್ಬನಿಗೆ ಮೆಮೊ ಕೊಡಿಸಿದ್ದೆ. ಅವನು ಕಣ್ಣಲ್ಲಿ ನೀರು ಹಾಕಿಕೊಂಡಿದ್ದ. ನಾನು ಬಿಟ್ಟಿರಲಿಲ್ಲ. ನನಗೆ ಯಾರು ಮೆಮೊ ಕೊಡುತ್ತಾರೆ? ದಯವಿಟ್ಟು ನೋಡಿ ಅಂತ ಬರೆದಿದ್ದಾಳೆ. ಒಂದೇ ಮನೆಯಲ್ಲಿದ್ದುಕೊಂಡು, ಗಂಡನಿಗೆ. ನಾಚಿಕೆಯಾಗುತ್ತಿದೆ.

ಆಗಸ್ಟ್ 31

ಜಯನಗರ ಫೋರ್ತ್ ಬ್ಲಾಕ್‌ಗೆ ಹೋಗಿ ಹೈಗ್ರೋಮೀಟರ್ ತಂದೆ. ಗಾಳಿಯ ತೇವ ತೋರಿಸುವ ಸಣ್ಣ ಡಬ್ಬಿ. ಅಡುಗೆಮನೆಯಲ್ಲಿ 84 ಪರ್ಸೆಂಟ್. ಹಳೇ ಹವಾಮಾನ ವರದಿ ಹುಡುಕಿದೆ. ನಾನು ಅಳತೆ ತೆಗೆದ ಆ ಹನ್ನೊಂದು ದಿನ ಮಧ್ಯಾಹ್ನದ ತೇವ ಮೂವತ್ತು ಪರ್ಸೆಂಟೂ ದಾಟಿರಲಿಲ್ಲ.

ಅರ್ಧ ಕೆಜಿ ಮೈದಾ ಅಗಲ ತಟ್ಟೆಯಲ್ಲಿ ಬಿಟ್ಟಿದ್ದೆ. ಮಾರನೇ ದಿನ 511 ಗ್ರಾಂ. ಹನ್ನೊಂದು ಗ್ರಾಂ ನೀರು, ಯಾರೂ ಹಾಕದೆ. ಹಿಟ್ಟು ತಾನೇ ಕುಡಿದುಬಿಟ್ಟಿದೆ. ಅದರ ಮೇಲೆ ನಾನು 142. ಬೆಂದ ಮೇಲೆ ಬಿಸ್ಕೆಟ್ಟೂ ಕುಡಿಯುತ್ತದೆ. ಅದನ್ನು ಓಡಿಸಲಿಕ್ಕೆ ಆ ಎರಡನೇ ಬಿಸಿ.

ಬರೀ ಬೇಸಿಗೆಯಲ್ಲಿ ಸ್ಯಾಂಪಲ್ ತೆಗೆದು ವರ್ಷಪೂರ್ತಿಗೆ ನಿಯಮ ಬರೆದವನು ನಾನು. ಇದನ್ನು ಮಾಡಬೇಡಿ ಅಂತ ಎಷ್ಟು ಜನಕ್ಕೆ ಪಾಠ ಹೇಳಿದ್ದೆನೋ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸೆಪ್ಟೆಂಬರ್ 6. ಗೌರಿ ಹಬ್ಬ

ಬಾಗಿನ ತೆಗೆದುಕೊಳ್ಳಲು ಅರೆಕೆರೆಯಿಂದ ಮಗಳು ಪ್ರಕೃತಿ ಬಂದಿದ್ದಳು. ಕಾಫಿ ಜೊತೆ ಸೀತಾ ಬೇಕರಿಯ ಬಿಸ್ಕೆಟ್ ತಂದಿಟ್ಟಳು. ಪ್ಯಾಕೆಟ್ ಸಮೇತ. ಪ್ರಕೃತಿ ಅದನ್ನೇ ನೋಡುತ್ತಾ ಕೂತಳು. ಆಮೇಲೆ ನನ್ನನ್ನು ಬಾಲ್ಕನಿಗೆ ಕರೆದಳು.

"ಅಪ್ಪ, ಅಮ್ಮಂಗೆ ಸಾರಿ ಹೇಳಿದ್ರಾ?"

"ಹೈಗ್ರೋಮೀಟರ್ ತಂದು ತೋರಿಸಿದೆ."

"ಅಪ್ಪಾ!"

"ರೀಡಿಂಗ್ ಸಮೇತ ವಿವರಿಸಿದೆ ಕಣೇ. ಅವಳು ಹೇಳಿದ್ದು ಸರಿ ಅಂತ ಪ್ರೂವ್ ಆಯ್ತು ಅಂತ."

"ಅಮ್ಮ ಸರಿ ಅನ್ನೋಕೆ ಮಿಷನ್ ಬೇಕಾಯ್ತಾ ನಿಮ್ಗೆ?"

ಒಳಗೆ ಬಂದು ಬೇಕರಿ ಬಿಸ್ಕೆಟ್ ಒಂದು ತಿಂದೆ.

ಸೆಪ್ಟೆಂಬರ್ 29

ಬಹಳ ದಿನ ಬರೆಯಲಿಲ್ಲ. ಬರೆಯುವುದೇನು? ಮನೆ ಸ್ವಚ್ಛವಾಗಿದೆ. ಎಲ್ಲೂ ಮೈದಾ ಇಲ್ಲ. ಬೆಳಿಗ್ಗೆ ಬೆಣ್ಣೆ, ಹಸಿಮೆಣಸು, ಕರಿಬೇವಿನ ವಾಸನೆಗೆ ಎಚ್ಚರವಾಗುತ್ತಿತ್ತು. ಈಗ ಅಲಾರಂ ಇಟ್ಟುಕೊಳ್ಳುತ್ತೇನೆ. ಸೀತಾ ಟೀವಿ ನೋಡುತ್ತಾಳೆ. ಕೋಪ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಸಾರಿಗೆ ಉಪ್ಪು ಸರಿಯಾಗಿ ಹಾಕುತ್ತಾಳೆ. ಜಗಳ ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಇವತ್ತು ಅವಳು ದೇವಸ್ಥಾನಕ್ಕೆ ಹೋದಾಗ ನಾನೇ ಮಾಡಲು ನೋಡಿದೆ. 78 ಪರ್ಸೆಂಟ್ ತೇವ, ಲೆಕ್ಕ ಹಾಕಿ 121 ಎಂಎಲ್. ಕಲ್ಲಾಯಿತು. ಬೀದಿನಾಯಿಗೆ ಹಾಕಿದೆ. ಮೂಸಿ ನೋಡಿ ಹೊರಟುಹೋಯಿತು.

ಅಕ್ಟೋಬರ್ 16. ಬುಧವಾರ

ನಿನ್ನೆಯಿಂದ ಹುಚ್ಚು ಮಳೆ. ಛತ್ರಿ ಹಿಡಿದು ಎದುರುಮನೆಗೆ ಹೋದೆ. ರಾಜಶ್ರೀ ಗಾಬರಿಯಾದಳು. ಕೂರಲಿಲ್ಲ, ನಿಂತೇ ಹೇಳಿದೆ. ಅವತ್ತಿನ ತಪ್ಪು ನನ್ನದು. ಸೀತಾ ಬೇಡ ಅಂದಳು, ನಾನೇ ಅಷ್ಟು ನೀರು ಹಾಕಿಸಿದೆ. ಆಮೇಲೆ ನಿಮ್ಮೆದುರು ಅವಳ ತಲೆಗೆ ಕಟ್ಟಿದೆ.

"ಅಯ್ಯೋ ಬಿಡಿ ಸಾರ್, ಬಿಸ್ಕೆಟ್ ತಾನೆ," ಅಂದಳು. ನಾನು ಛತ್ರಿ ಬಿಚ್ಚುವಾಗ, "ನಂಗ್ ಹೇಳಿದ್ದು ಸರಿ. ಸೀತಕ್ಕಂಗೆ?"

ಮನೆಗೆ ಬಂದೆ. ಸೀತಾ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ನಲವತ್ತು ವರ್ಷದಲ್ಲಿ ಈ ಮಾತು ಆಡಿದ ಅಭ್ಯಾಸವಿಲ್ಲ, ನಾಲಿಗೆ ಹೊರಳಲಿಲ್ಲ. ಹೇಗೋ ಹೇಳಿದೆ. "ನೀನು ಬರೆದಿದ್ದು ಒಂದೂ ಓದಿರ್ಲಿಲ್ಲ ಕಣೇ. ಓದದೆ ಸೈನ್ ಹಾಕಿದೆ. ಅವತ್ತು ಅವಳೆದುರು ಹಂಗಂದಿದ್ದು ತಪ್ಪು. ತಪ್ಪಾಯ್ತು ಸೀತಾ."

ಕಾಯಿ ಮುರಿಯುವುದು ನಿಂತಿತು.

"ಓದಿಲ್ಲ ಅಂತ ಗೊತ್ತಿತ್ತು," ಅಂದಳು. "ಒಂದಿನ ಓದ್ತೀರ ಅಂತ ಬರೀತಿದ್ದೆ."

ಮತ್ತೆ ಮುರಿಯತೊಡಗಿದಳು. ನಾನು ಅಲ್ಲೇ ಕೂತಿದ್ದೆ. ಎದ್ದು ಹೋಗುವಾಗ ಹೇಳಿದಳು, "ಶನಿವಾರಕ್ಕೆ ಬೆಣ್ಣೆ ತನ್ನಿ. ಉಪ್ಪಿಲ್ಲದ್ದು."

ಅಕ್ಟೋಬರ್ 18

ಫ್ರಿಜ್ ಮೇಲಿನ ಕಾರ್ಡ್ ಕಿತ್ತೆ. ಚೆಕ್‌ಶೀಟ್ ಕಟ್ಟಿ ಅಟ್ಟಕ್ಕೆ ಹಾಕಿದೆ. ತಕ್ಕಡಿಯೂ. ಬೆಣ್ಣೆ ತಂದೆ. ಎಳೇ ಕರಿಬೇವು ತಂದೆ. ಸಂತೋಷವಾಗಿದೆ, ಬರೆದುಬಿಡುತ್ತೇನೆ, ತುಂಬಾ ಸಂತೋಷವಾಗಿದೆ.

ಅಕ್ಟೋಬರ್ 19, ಶನಿವಾರ. ಬೆಳಿಗ್ಗೆ 9.00

ಅಡುಗೆಮನೆ ಕಡೆಗೆ ಹೋಗಬಾರದು ಅಂದುಕೊಂಡಿದ್ದೆ. ಪೇಪರ್ ಹಿಡಿದು ಹಾಲ್‌ನಲ್ಲಿ ಕೂತೆ. ಡಬ್ಬ ತೆಗೆದ ಸದ್ದು, ಬೇಸಿನ್ ಇಟ್ಟ ಸದ್ದು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ.

"ರೀ..."

ಹೋದೆ. ಎರಡೂ ಕೈ ಹಿಟ್ಟಿನಲ್ಲಿದ್ದವು. ಸ್ವಲ್ಪ ನೀರು ಚಿಮುಕಿಸಿದಳು, ನಿಲ್ಲಿಸಿದಳು. ಮತ್ತೆ ಸ್ವಲ್ಪ. ಮುದ್ದೆ ಹಿಡಿದಳು, ಪುಡಿ ಮಾಡಿದಳು.

"ಸಾಕಾ, ನೋಡಿ."

ತಮಾಷೆ ಅಂದುಕೊಂಡು ನಕ್ಕೆ. "ನನ್ನ ಕೇಳ್ತೀಯಲ್ಲೇ! ನಿನ್ನ ಕೈಗೆ ಗೊತ್ತಲ್ವಾ?"

"ಗೊತ್ತಿತ್ತು," ಅಂದಳು. ಕೈ ಎತ್ತಲಿಲ್ಲ. "ಈಗ ಹಾಕ್ತಾ ಹಾಕ್ತಾ ಇದು ನೂರಾ ನಲವತ್ತೆರಡು ಆಗಿರತ್ತಾ, ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ ಅಂತಾನೇ ತಲೇಲಿ ಓಡತ್ತೆ. ಹಿಟ್ಟು ಏನ್ ಹೇಳತ್ತೆ ಅಂತ ಕೇಳ್ಸಲ್ಲ ರೀ."

ನಾಲ್ಕು ಬ್ಯಾಚ್ ಮಾಡಿದಳು. ಒಂದು ಕಲ್ಲು, ಎರಡು ಮೆತ್ತಗೆ, ಒಂದು ಪರವಾಗಿಲ್ಲ. ಪರವಾಗಿಲ್ಲದ್ದು ಹೇಗೆ ಬಂತು ಅಂತ ಅವಳಿಗೆ ಗೊತ್ತಿಲ್ಲ. ಇಪ್ಪತ್ತಾರು ವರ್ಷ ಕೂಡಿಟ್ಟದ್ದನ್ನು ಆರು ತಿಂಗಳಲ್ಲಿ ಅಳಿಸಿದ್ದೇನೆ. ಸಾರಿ ಹೇಳಿದರೆ ಅವಳು ಅಡುಗೆಮನೆಗೆ ವಾಪಸ್ ಬರಬಹುದು. ಕೈ ಬರಬೇಕಲ್ಲ. ಅದನ್ನು ಎಲ್ಲಿಂದ ತರಲಿ? ಅಯ್ಯೋ, ಏನು ಮಾಡಿಬಿಟ್ಟೆ ನಾನು.

ಅಕ್ಟೋಬರ್ 20. ಬೆಳಿಗ್ಗೆ 6.15

ಇವತ್ತೂ ಎದ್ದಿದ್ದಾಳೆ. ಹಿಟ್ಟು ಜರಡಿ ಹಿಡಿದಾಯಿತು. ನನ್ನನ್ನೇ ಕರೆಯುತ್ತಿದ್ದಾಳೆ. ಪಕ್ಕದಲ್ಲಿ ನಿಂತು, ಸಾಕು ಅನ್ನಿಸಿದಾಗ ಸಾಕು ಅನ್ನಬೇಕಂತೆ. ಎರಡನೇ ಸಲ ಕರೆದಳು. ಹೋಗಿ ಏನಂತ ಹೇಳಲಿ, ನನಗೆ ಗೊತ್ತಿರುವುದು ನಂಬರ್ ಒಂದೇ. ಅಗೋ, ಮತ್ತೆ ಕರೆದಳು, ಹೋಗಬೇಕು.