ಹದಿನಾಲ್ಕನೇ ಹಾಳೆಯ ಬಿಳಿ

ಮಾರ್ಚ್ 4, ಬೆಳಿಗ್ಗೆ 11

ಮತ್ತೆ ಅದೇ ಎರಡು ಗೆರೆ. ಉತ್ತರದ್ದು ನೀಲಿ, ದಕ್ಷಿಣದ್ದು ಕೆಂಪು. ಬಂದರಿನಿಂದ ಗಡಿಯಾಚೆಗೆ ಸರಕು ಸಾಗಿಸುವ ಕಾರಿಡಾರ್ ಎಲ್ಲಿ ಹಾಯಬೇಕು ಎಂದು ನಾಲ್ಕು ದೇಶದವರು ಹನ್ನೊಂದು ತಿಂಗಳಿಂದ ಕಚ್ಚಾಡುತ್ತಿದ್ದಾರೆ. ಯಾರು ಗೆದ್ದರೂ ನಕ್ಷೆ ತಿದ್ದುವ ಕರ್ಮ ನನ್ನದು. ನಮ್ಮ ಮುಖ್ಯಸ್ಥರಿಗೆ ನಾನಿಟ್ಟ ಹೆಸರು ರಬ್ಬರ್ ಸಾಹೇಬರು. ಪ್ರತಿ ಮೀಟಿಂಗಿನಿಂದ ಬಂದು "ಅಳಿಸಿ" ಅನ್ನುತ್ತಾರೆ.

ಹದಿನಾಲ್ಕನೇ ಹಾಳೆ ಕಳಿಸಿದೆ. ನಡುವೆ ಅಂಗೈಯಗಲ ಬಿಳಿ. ಸರ್ವೆ ತಂಡ ಅಲ್ಲಿಗೆ ಕಾಲಿಟ್ಟೇ ಇಲ್ಲ. ಸರ್ವೆ ಆಗದ್ದನ್ನು ಬರೆಯಬಾರದು — ಈ ಆಫೀಸಿನಲ್ಲಿ ಯಾರೂ ಮುರಿಯದ ನಿಯಮ ಇದೊಂದೇ. ಆ ಬಿಳಿಯಲ್ಲಿ ನಲವತ್ತು ಮನೆ ಇವೆ. ಒಂದು ಶಾಲೆ. ಅಕ್ಕನ ಬಡಗಿ ಶೆಡ್ಡು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಆದರೂ ಬರೆಯಲಿಲ್ಲ. ಒಳಗೊಳಗೇ ಸ್ವಲ್ಪ ಜಂಬ ಕೂಡ.

ಮಾರ್ಚ್ 9

ಅಕ್ಕನ ಫೋನ್. "ಏನೇ, ನಿನ್ನ ಗೆರೆಗಳ ಜಗಳ ಮುಗೀತಾ?" ಶಾಲೆಯ ಮೂವತ್ತು ಬೆಂಚಿನ ಕೆಲಸ ಸಿಕ್ಕಿದೆಯಂತೆ. "ಬಂದು ಕೂತು ನೋಡು. ಒಂದು ಅಲ್ಲಾಡಿದ್ರೂ ಕೇಳು ನನ್ನ!"

ಮಾರ್ಚ್ 20, ಮಧ್ಯಾಹ್ನ 3

ಒಪ್ಪಂದ ಆಯಿತು. ಕೆಂಪೂ ಅಲ್ಲ, ನೀಲಿಯೂ ಅಲ್ಲ. ನಡುವಿನ ದಾರಿ. ಹದಿನಾಲ್ಕನೇ ಹಾಳೆಯ ಸರೀ ನಡು.

"ನಿಮ್ಮ ಹಾಳೆ ನೋಡಿ ಎಲ್ರೂ ತಣ್ಣಗಾದ್ರು ಕಣ್ರೀ," ಅಂದರು ರಬ್ಬರ್ ಸಾಹೇಬರು. "ಖಾಲಿ ಜಾಗ. ಯಾರ ತಂಟೆನೂ ಇಲ್ಲ."

ಹಾಳೆಯ ಬಿಳಿಯ ಮೇಲೆ ಬೆರಳಿಟ್ಟೆ. "ಸರ್, ಅದು ಖಾಲಿ ಅಲ್ಲ. ಸರ್ವೆ ಆಗಿಲ್ಲ ಅಂತ ಅರ್ಥ."

"ಹಾಗಂತ ಎಲ್ಲಿ ಬರ್ದಿದೀರಿ?"

ಎಲ್ಲೂ ಬರೆದಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಮಾರ್ಚ್ 21

ಅಕ್ಕನಿಗೆ ಹೇಳಿದೆ. ಎಲ್ಲ ಹೇಳಿದೆ — ಬಿಳಿ ಬಿಟ್ಟವಳು ನಾನೇ ಅಂತ.

"ನನ್ನ ಮನೆ ನಿನಗೆ ಗೊತ್ತಿರಲಿಲ್ವಾ?"

ಬಾಯಿಗೆ ಬಂದಂತೆ ಬೈದಿದ್ದರೆ ಚೆನ್ನಾಗಿತ್ತು. ನನ್ನ ಮೇಲೆ ನನಗೇ ಅಸಹ್ಯ.

ಮಾರ್ಚ್ 28

ನಾಲ್ಕು ದಿನ ರಜೆ ಹಾಕಿ ಊರು ಅಳೆದೆ. ಟೇಪಿನ ಆ ತುದಿ ಅಕ್ಕ ಹಿಡಿದಳು. ಮಾತಿಲ್ಲ ಕತೆಯಿಲ್ಲ. ಎರಡನೇ ದಿನ ಸಿಡುಕಿದಳು: "ನೆಟ್ಟಗೆ ಹಿಡಿಯೇ! ನಾನು ಹಿಂಗೆ ಅಳತೆ ತಗೊಂಡ್ರೆ ಯಾವ ಬಾಗಿಲೂ ಚೌಕಟ್ಟಿಗೆ ಕೂರಲ್ಲ." ಅಬ್ಬಾ, ಜೀವ ಬಂತು.

ಮನೆ ನಲವತ್ತಲ್ಲ. ನಲವತ್ಮೂರು. ನಾನು ಗೊತ್ತು ಅಂದುಕೊಂಡಿದ್ದೆ, ಅಷ್ಟೇ.

ಏಪ್ರಿಲ್ 15, ಸಂಜೆ

"ಅಳೆಯೋ ಅಧಿಕಾರ ನಿಮಗೆ ಯಾರ್ರೀ ಕೊಟ್ರು?" ಎಂದು ಎರಡು ವಾರ ಹಾರಾಡಿದರು ಸಾಹೇಬರು. ಆದರೂ ಹಾಳೆ ಮೇಲಕ್ಕೆ ಕಳಿಸಿದರು, ಪುಣ್ಯಾತ್ಮ. ನಾಲ್ಕು ದೇಶದವರು ಮತ್ತೆ ಕಿತ್ತಾಡಿದರು. ಇಷ್ಟು ಮನೆ, ಕೋರ್ಟು ಕಚೇರಿ, ಯಾರಿಗೆ ಬೇಕು... ಗೆರೆ ಎಂಟು ಕಿಲೋಮೀಟರ್ ದಕ್ಷಿಣಕ್ಕೆ ಸರಿಯಿತು.

ಅಕ್ಕ ಫೋನಿನಲ್ಲೇ ಅತ್ತಳು. ನಾನೂ ಅತ್ತೆ.

ಆಮೇಲೆ ಹೊಸ ಗೆರೆ ಎಳೆಯಲು ಹದಿನೈದನೇ ಹಾಳೆ ಬಿಚ್ಚಿದೆ. ಅರ್ಧ ಹಾಳೆ ಬಿಳಿ. ಅದೂ ನಾನೇ ಬಿಟ್ಟದ್ದು.

"ನಿಮ್ಮೋರು ಉಳಿದ್ರಲ್ಲ, ಸಾಕಲ್ವೇನ್ರೀ?" ಅಂದರು ಸಾಹೇಬರು. ಸಾಕು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಸುಳ್ಳು ಯಾಕೆ? ಸೋಮವಾರ ಎಲ್ಲರ ಸಹಿ ಬೀಳುತ್ತದೆ.

ಏಪ್ರಿಲ್ 17, ಬೆಳಿಗ್ಗೆ 7:40, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ರಜೆ ಕೊಡಲಿಲ್ಲ. ಹೇಳದೆ ಹೊರಟೆ, ಹದಿನೈದನೇ ಹಾಳೆಯ ಬಿಳಿ ಅಳೆಯಲು. ಕೆಲಸ ಹೋದರೂ ಹೋಗಬಹುದು.

ಎಲ್ಲಿಗೆ ಅಂತ ಕೇಳಿದ ಕಂಡಕ್ಟರ್. ಊರಿನ ಹೆಸರೇ ಗೊತ್ತಿಲ್ಲ. ಕೊನೇ ಸ್ಟಾಪು ಅಂದೆ.

ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ. ರಿಪೇರಿ ಮಾಡಿಸಿದ ಹೊಲಿಗೆ ಮಷೀನು ತೊಡೆಯ ಮೇಲೆ. ಅಲ್ಲಿಯವಳೇ. ನನ್ನ ಟೇಪು ನೋಡಿದಳು, ಮುಖ ನೋಡಿದಳು. ಬರೆಯುವುದು ನಿಲ್ಲಿಸುವವರೆಗೂ ಬಿಡುವವಳಲ್ಲ.

"ನಮ್ಮೂರಲ್ಲಿ ನಿನಗೆ ಯಾರಮ್ಮಾ ಇದಾರೆ?"

ಏನು ಹೇಳಲಿ? ನನಗೆ ಅಲ್ಲಿ—