ಒಲೆ ಹಚ್ಚದ ಹಬ್ಬ

ಅಹಮದಾಬಾದ್
೨ ಸೆಪ್ಟೆಂಬರ್ ೧೯೬೪

ಪ್ರೀತಿಯ ನಳಿನಕ್ಕನಿಗೆ,

ನಿನ್ನ ತಂಗಿ ಇಂದುಮತಿಯ ನಮಸ್ಕಾರಗಳು. ನಾನೂ ನಮ್ಮ ಯಜಮಾನರೂ ಆರೋಗ್ಯವಾಗಿದ್ದೇವೆ. ಮೈಸೂರಿನಲ್ಲಿ ನೀವೆಲ್ಲ ಹಾಗೇ ಇದ್ದೀರೆಂದು ನಂಬಿದ್ದೇನೆ. ಹೆಚ್ಚುಕಡಿಮೆ ಒಂದು ವರ್ಷ ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ, ಕ್ಷಮಿಸು. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಸಿಟ್ಟಿತ್ತು. ನನ್ನ ಮೀರಾ ತೀರಿಕೊಂಡ ತಿಂಗಳಲ್ಲೇ ನೀನು, "ಚಕ್ಕುಲಿ ಆಸೆಗೆ ಆ ಊರಿನವರ ಕಟ್ಟಳೆ ಮುರಿದೆಯಲ್ಲೇ" ಎಂದು ಬರೆದಿದ್ದೆ. ಅಷ್ಟು ಓದಿ ಕಾಗದ ಮಡಿಚಿಟ್ಟವಳು ಮತ್ತೆ ತೆಗೆದು ನೋಡಲಿಲ್ಲ.

ಮೊನ್ನೆ ಗೋಕುಲಾಷ್ಟಮಿ. ಈ ಸಲ ಹಬ್ಬ ಮಾಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿಯ ಪದ್ಧತಿ ನಿನಗೆ ಪೂರ್ತಿ ಗೊತ್ತಿಲ್ಲ. ನಮ್ಮ ಅಷ್ಟಮಿಯ ಹಿಂದಿನ ದಿನ ಇಲ್ಲಿಯವರಿಗೆ ಸಾತಮ್, ಸಿಡುಬಿನ ತಾಯಿ ಶೀತಳಾದೇವಿಯ ದಿನ. ಅದಕ್ಕೂ ಮುಂಚಿನ ದಿನವೇ ಎಲ್ಲ ಬೇಯಿಸಿ, ಕರಿದು, ಸಂಜೆಗೆ ಬೆಂಕಿ ಆರಿಸಿ ಬೂದಿಯನ್ನು ನುಣ್ಣಗೆ ಸವರಿಡುತ್ತಾರೆ. ರಾತ್ರಿ ದೇವಿ ಮನೆಮನೆಗೂ ಬಂದು, ಮೈ ತಂಪಾಗಲೆಂದು ಆ ಬೂದಿಯಲ್ಲಿ ಹೊರಳುತ್ತಾಳಂತೆ. ಮಾರನೆಯ ದಿನವಿಡೀ ತಂಗಳೇ ಊಟ, ಒಲೆ ಹಚ್ಚುವಂತಿಲ್ಲ. ಹೋದ ವರ್ಷ ಆ ಬೆಳಿಗ್ಗೆ ಇಡೀ ಓಣಿಯಲ್ಲಿ ಹೊಗೆ ಎದ್ದದ್ದು ನಮ್ಮ ಮನೆಯಿಂದ ಮಾತ್ರ. ಚೌತಿಯ ಹೊತ್ತಿಗೆ ಮೀರಾಳಿಗೆ ಸಿಡುಬು ಎದ್ದಿತು. ನಾಲ್ಕು ವರ್ಷದ ಕೂಸು, ತಡೆದುಕೊಳ್ಳಲಿಲ್ಲ.

ಈ ಸಲ ನಾನೂ ಓಣಿಯವರ ಹಾಗೆಯೇ ಮುಂಚಿನ ದಿನ ಬಾಣಲೆ ಇಟ್ಟೆ. ನಮ್ಮ ಮನೆಗೆ ಬರುವುದನ್ನು ಬಿಡದೆ ಇದ್ದವರು ಪಕ್ಕದ ಮನೆಯ ಊರ್ಮಿಳಾಬೇನ್ ಒಬ್ಬರೇ. ಅವರು ಥೇಪ್ಲಾ ಎನ್ನುವ ಮೆಂತ್ಯಸೊಪ್ಪಿನ ಚಪಾತಿ ಲಟ್ಟಿಸಿದರು, ನಾನು ಚಕ್ಕುಲಿ ಒತ್ತಿದೆ. ತೇಂಗೊಳಲು, ಕೋಡುಬಳೆಯೂ ಆಯಿತು. ಬೇಳೆಸಾರಿಗೂ ಬೆಲ್ಲ ಸುರಿಯುವ ಜನ ನೋಡು, ನನ್ನ ಖಾರದ ಕೋಡುಬಳೆ ಕಚ್ಚಿ "ಬಾಪ್ ರೇ!" ಎಂದು ನೀರಿಗೆ ಓಡಿದರು. ಎಷ್ಟೋ ದಿನದ ಮೇಲೆ ನಕ್ಕೆ. ಅಕ್ಕಿ ಹಿಟ್ಟಿನ ತಟ್ಟೆ ಕಂಡಾಗ ಮಾತ್ರ ಕೈ ನಿಂತುಹೋಯಿತು. ಹಿಟ್ಟು ಕಂಡಲ್ಲೆಲ್ಲ ಮೀರಾ ಎಡಗೈ ಒತ್ತುತ್ತಿದ್ದಳು. ಆ ಡೊಂಕು ಕಿರುಬೆರಳು ನಿನ್ನದೇ ಎಂದು ಅಮ್ಮ ಹೇಳುತ್ತಿದ್ದರಲ್ಲ.

ಸಂಜೆ ಕೆಂಡ ಆರಿಸಿ, ಬೂದಿಯನ್ನು ಸವರಿದೆ. ಇಂಥದ್ದಕ್ಕೆಲ್ಲ ನಗುವ ನಮ್ಮ ವಿಜ್ಞಾನಿ ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ಪೂರ್ತಿ ಆರಿದೆ ತಾನೇ? ನೋಡೇ, ಇನ್ನೊಂದ್ಸಲ ನೋಡು" ಎಂದರು. ನಗಲಿಲ್ಲ.

ಸಾತಮ್ ಬೆಳಿಗ್ಗೆ ಎದ್ದಾಗ ಓಣಿಯಲ್ಲಿ ಸದ್ದೇ ಇಲ್ಲ. ಯಾವ ಮನೆಯಲ್ಲೂ ಹೊಗೆಯಿಲ್ಲ, ಸ್ಟವ್ವಿನ ಭುಸುಭುಸು ಇಲ್ಲ. ಆದರೆ ನಮ್ಮ ಅಡಿಗೆಮನೆಯಿಂದ ಹಾಲು ಕಾಯುವ ವಾಸನೆ ಬರುತ್ತಿತ್ತು. ಓಡಿಹೋಗಿ ಒಲೆ ಮುಟ್ಟಿದೆ. ತಣ್ಣಗೆ ಕೊರೆಯುತ್ತಿತ್ತು. ಹಾಲಿನ ಪಾತ್ರೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಬೂದಿಯ ಮೇಲೆ ಕೈ ಊರಿದ ಗುರುತು. ಇವರು ಆಗಲೇ ಎದ್ದು ಹೊರಜಗಲಿಯಲ್ಲಿ ಕೂತಿದ್ದರು, ಕಾಫಿ ಕೇಳಲಿಲ್ಲ.

ಅಷ್ಟರಲ್ಲಿ ಊರ್ಮಿಳಾಬೇನ್ ದನಿ ಕೇಳಿಸಿತು. ನಾನು ಬೂದಿಯ ಒಂದು ಮಗ್ಗುಲಿಗೆ ಬಟ್ಟಲೊಂದನ್ನು ಬೋರಲು ಹಾಕಿದೆ. ಯಾಕೆಂದು ಕೊನೆಗೆ ಹೇಳುತ್ತೇನೆ. ಅವರು ಗುರುತು ನೋಡಿ ಸೆರಗು ಹೊದ್ದು ಕೈಮುಗಿದರು. "ಮಾ ಆವೀ ಗಯಾ, ಇಂದುಬೇನ್! ತಾಯಿ ಬಂದು ಹೋದರು, ಇನ್ನು ನಿನ್ನ ಮನೆ ತಂಪು" ಎಂದರು. ವರ್ಷವಿಡೀ ನಮ್ಮ ಹೊಸ್ತಿಲು ತುಳಿಯದವರೆಲ್ಲ ಒಬ್ಬೊಬ್ಬರಾಗಿ ಬಂದು, ಕೈಮುಗಿದು, ಚಕ್ಕುಲಿ ತಿಂದು ಹೋದರು. ಅಷ್ಟಮಿಯ ನೈವೇದ್ಯವನ್ನು ಸೀಮೆಎಣ್ಣೆ ಸ್ಟವ್ವಿನಲ್ಲಿ ಮಾಡಿದೆ. ಅಡಿಗೆ ಇನ್ನೂ ಅದರಲ್ಲೇ ನಡೆದಿದೆ.

ಭಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಆ ತಾಯಿ ಅವರನ್ನು ತಂಪಾಗಿಟ್ಟಿರಲಿ. ಚಕ್ಕುಲಿ ಪಾರ್ಸಲ್ ಮಾಡಿದ್ದೇನೆ. ಪುಡಿಯಾಗಿ ಬಂದರೆ ಅಂಚೆಯವರನ್ನು ಬಯ್ಯಿ, ನನ್ನನ್ನಲ್ಲ.

ನಿನ್ನ
ಇಂದು

ಇಷ್ಟು ಬರೆದೂ ಹೇಳದೆ ಉಳಿದದ್ದು: ಹೋದ ವರ್ಷ ನನ್ನ ಚಕ್ಕುಲಿ ಸಾತಮ್‌ಗೆ ಮುಂಚೆಯೇ ಕರಿದಾಗಿತ್ತು. ಆ ಬೆಳಿಗ್ಗೆ ಮೀರಾ ಬಿಸಿ ಹಾಲಿಗೆ ಹಟ ಹಿಡಿದು ಅತ್ತಳು. ನಾನು ಸ್ನಾನಕ್ಕೆ ಹೋಗಿದ್ದಾಗ ಒಲೆ ಹಚ್ಚಿದ್ದು ಇವರು. ಹೆಂಗಸರು ಬಾಗಿಲಿಗೆ ಬಂದಾಗ ನಾನೇ ಚಕ್ಕುಲಿಗೆಂದು ಹಚ್ಚಿದೆ ಎಂದುಬಿಟ್ಟೆ; ನಿನಗೂ ಹಾಗೇ ಬರೆದೆ. ಮಗು ಹೋದ ಮೇಲೆ ನಿಜ ಹೇಳಿದ್ದರೆ ಇವರು ಉಳಿಯುತ್ತಿರಲಿಲ್ಲ ಅಕ್ಕ. ನಾವಿಬ್ಬರೂ ಈ ಮಾತನ್ನು ಒಂದು ದಿನವೂ ಎತ್ತಿಲ್ಲ.

ಬೂದಿಯ ಮೇಲಿನ ಕೈ ಇವರದೇ. ಊಟಕ್ಕೆ ಕೂತಾಗ ಉಗುರಿನ ಸಂದಿಯಲ್ಲಿ ಬೂದಿ ಕಂಡೆ. ಆ ತಾಯಿಯನ್ನು ಏನು ಬೇಡಿಕೊಂಡರೋ, ಪಾಪ. ಆದರೆ ಬಟ್ಟಲ ಕೆಳಗೆ ಇನ್ನೊಂದು ಗುರುತಿದೆ. ಪುಟ್ಟ ಎಡಗೈ, ಕಿರುಬೆರಳು ಡೊಂಕು. ಬಟ್ಟಲನ್ನು ನಾನು ಎತ್ತಿಲ್ಲ, ಇವರೂ ಎತ್ತು ಎನ್ನುವುದಿಲ್ಲ. ನೀನು ಬಂದು ನೋಡುವವರೆಗೆ ಆ ಒಲೆ ಹಚ್ಚುವುದಿಲ್ಲ.